ಬೆರಳು ಎತ್ತುವ ಮುನ್ನ

ಲೈರಾ-8 ಎಂಬ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ಮುಂದೆ ಕುಳಿತ ಮೊದಲ ಸಂಜೆ ಪೂರ್ತಿ ಶ್ರುತಿ ಕೂಡಿಸುವುದರಲ್ಲೇ ಕಳೆಯಿತು. ವ್ಲಾಡ್ ಕ್ರೈಮರ್ ರೂಪಿಸಿದ ಈ ವಾದ್ಯದಲ್ಲಿ ಹಾರ್ಮೋನಿಯಂನಂಥ ಕಪ್ಪು ಬಿಳುಪು ಮನೆಗಳಿಲ್ಲ. ಎಂಟು ದನಿಗಳಿವೆ. ಪ್ರತಿ ದನಿಗೂ ಶ್ರುತಿಯ ಒಂದು ನಾಬ್, ಮುಟ್ಟಲು ಪುಟ್ಟ ಲೋಹದ ತುಂಡುಗಳು. ಬೆರಳು ಅವುಗಳ ನಡುವೆ ಸೇತುವೆಯಾದಾಗ ಅತ್ಯಲ್ಪ ವಿದ್ಯುತ್ ಚರ್ಮದ ಮೂಲಕವೇ ಹರಿದು ನಾದ ಏಳುತ್ತದೆ. ಹಾಗಾಗಿ ಒಣ ಬೆರಳಿಗೂ ತೇವದ ಬೆರಳಿಗೂ ಅದು ಒಂದೇ ರೀತಿ ಓಗೊಡುವುದಿಲ್ಲ. ನಾಬ್ ಸುತ್ತ ಸ್ವರಗಳ ಹೆಸರೂ ಇಲ್ಲ, ಕಿವಿಯೇ ಗತಿ.

ನಾನು ಕಲಿತದ್ದು ಸಾಮಾನ್ಯ ಕೀಬೋರ್ಡ್‌ನಲ್ಲಿ. ಅಲ್ಲಿ ಮನೆಯನ್ನು ಎಷ್ಟು ವೇಗವಾಗಿ ಒತ್ತಿದಿರಿ ಎಂಬುದು 127ರವರೆಗಿನ ಒಂದು ಸಂಖ್ಯೆಯಾಗಿ ಹೋಗುತ್ತದೆ. ಬಹುಪಾಲು ಕೀಬೋರ್ಡ್‌ಗಳಲ್ಲಿ ಆ ಸ್ವರದ ಜೊತೆ ಬೆರಳಿನ ಮಾತುಕತೆ ಅಲ್ಲಿಗೆ ಮುಗಿಯಿತು. ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಆದೇಶ ಕಳಿಸಲೆಂದು 1983ರಲ್ಲಿ ಬಂದ ಮಿಡಿ ವ್ಯವಸ್ಥೆಯಲ್ಲಿ ಸ್ವರವನ್ನು ಜಾರಿಸುವ ಆದೇಶ, ಸ್ವರಗಳೆಲ್ಲ ಒಟ್ಟಿಗೆ ಸಾಗುವ ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಮೂರು ಸ್ವರ ಹಿಡಿದು ಒಂದನ್ನು ಮಾತ್ರ ಜಾರಿಸಬೇಕೆಂದರೂ ಮೂರೂ ಜಾರುತ್ತವೆ. 2018ರಲ್ಲಿ ಅಂಗೀಕಾರವಾದ ಎಂಪಿಇ ಎಂಬ ಮಿಡಿ ವಿಸ್ತರಣೆ ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಟ್ಟು ಈ ತೊಡಕನ್ನು ಬಿಡಿಸಿತು. ಬೆರಳಿನ ಚಲನೆಯನ್ನು ಗ್ರಹಿಸುವ ಸೀಬೋರ್ಡ್, ಲಿನ್‌ಸ್ಟ್ರುಮೆಂಟ್‌ಗಳಲ್ಲಿ ಬೆರಳನ್ನು ಪಕ್ಕಕ್ಕೆ ಹೊರಳಿಸಿದರೆ ಆ ಒಂದು ಸ್ವರವಷ್ಟೇ ಬಾಗುವುದು ಈ ವಿಧಾನದ ಫಲ. ಲೈರಾದ ದಾರಿ ಬೇರೆ: ಅದರಲ್ಲಿ ಬೆರಳೇ ಸರ್ಕ್ಯೂಟಿನ ಭಾಗ.

ಆ ಸಂಜೆ ಎರಡು ದನಿಗಳನ್ನು ಒಟ್ಟಿಗೆ ಹಿಡಿದು, ಒಂದರ ನಾಬನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಮೊದಲು ಒರಟಾದ ಕಂಪನ. ಹತ್ತಿರವಾದಂತೆ ಅದು ಬಿಡಿಬಿಡಿಯಾದ ಮಿಡಿತವಾಯಿತು. 220 ಹರ್ಟ್ಸ್ ಮತ್ತು 221 ಹರ್ಟ್ಸ್ ಜೊತೆಯಾದರೆ ಸೆಕೆಂಡಿಗೊಂದು ಏರಿಳಿತ ಕೇಳುತ್ತದೆ; ಅಂತರ ಕುಗ್ಗಿದಷ್ಟೂ ಏರಿಳಿತ ನಿಧಾನ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಕೈಯಾರೆ ಆ ಮಿಡಿತವನ್ನು ಎಳೆದು ಎಳೆದು ಉಸಿರಾಟದಷ್ಟು ನಿಧಾನಕ್ಕೆ ತಂದು ನಿಲ್ಲಿಸುವ ಸುಖವೇ ಬೇರೆ. ಪೂರ್ತಿ ಒಂದಾಗಿಸಲು ಮನಸ್ಸೇ ಬರಲಿಲ್ಲ. ಅಷ್ಟೇ ಸಣ್ಣ ಅಂತರವನ್ನು ಉಳಿಸಿಕೊಂಡು, ಮೂರನೆಯ ದನಿಯನ್ನು ಪಂಚಮಕ್ಕೆ ಕೂಡಿಸಿದೆ.

ಆಮೇಲೆ ಬೆರಳಿನ ಕೆಲಸ. ದನಿಗಳ ಸ್ವಿಚ್ಚನ್ನು ಒಂದು ಬದಿಗೆ ಸರಿಸಿದರೆ ನಾದ ನಿಧಾನವಾಗಿ ಏರುತ್ತದೆ, ಬೆರಳು ತೆಗೆದ ಮೇಲೂ ಒಡನೆ ಸಾಯುವುದಿಲ್ಲ. ಹಾಗಾಗಿ ಮುಂದಿನ ದನಿಯನ್ನು ಯಾವಾಗ ಮುಟ್ಟಬೇಕೆಂಬುದನ್ನು ತಾಳ ಎಣಿಸಿ ತೀರ್ಮಾನಿಸುವಂತಿಲ್ಲ. ಮೊದಲನೆಯದು ಎಷ್ಟು ಉಳಿದಿದೆ ಎಂದು ಆಲಿಸಬೇಕು. ಸ್ವರವನ್ನು ಹುಟ್ಟಿಸುವುದಕ್ಕಿಂತ ಅದು ಬದುಕಿರುವಷ್ಟು ಹೊತ್ತು ಅದರೊಂದಿಗಿರುವುದು ಕಷ್ಟದ ವಿದ್ಯೆ, ಮತ್ತು ನನ್ನ ಮಟ್ಟಿಗೆ ಸಂಗೀತದ ಬಹುಪಾಲು ಅಲ್ಲೇ ಇದೆ.

ಹೊಸದಾಗಿ ಕೂರುವವರಿಗೆ ನಾನು ಹೇಳುವುದು ಇಷ್ಟು: ಡಿಲೇ (ಮಾರ್ದನಿ) ಮತ್ತು ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವುದು) ಎರಡನ್ನೂ ಪೂರ್ತಿ ತಗ್ಗಿಸಿ. ಅವು ಯಾವ ದನಿಯನ್ನಾದರೂ ಭವ್ಯವಾಗಿಸಿಬಿಡುತ್ತವೆ, ಬೆರಳು ಏನು ಮಾಡುತ್ತಿದೆ ಎಂಬುದು ಕೇಳಿಸುವುದಿಲ್ಲ. ಒಂದು ದನಿಯಿಂದ ಇನ್ನೊಂದನ್ನು ಕಲಕುವ ಮಾಡ್ಯುಲೇಷನ್ ನಾಬನ್ನೂ ಸೊನ್ನೆಗೆ ತನ್ನಿ. ಎರಡೇ ದನಿ ಸಾಕು. ಅವುಗಳ ಮಿಡಿತ ಹಿಡಿತಕ್ಕೆ ಸಿಕ್ಕ ಮೇಲೆ ಮಾಡ್ಯುಲೇಷನ್ನನ್ನು ತುಸು ಏರಿಸಿ ನೋಡಿ: ಅದೇ ದನಿ ಗೊಗ್ಗರಾಗಿ, ಕಂಚಿನಂತಾಗಿ, ಶ್ರುತಿ ಬಿಟ್ಟು ಮೊರೆಯತೊಡಗುತ್ತದೆ. ಅದನ್ನು ಪಳಗಿಸುವ ಪ್ರಯತ್ನದಲ್ಲಿ ನಾನೀಗ ಇದ್ದೇನೆ.