ಆರು ಜನರಿಗೆ ಒಂದೇ ಪಾಸ್‌ವರ್ಡ್

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ, ಸದಸ್ಯರು, ದಂಡದ ಲೆಕ್ಕ ಇಡುವುದು ಕೋಹಾ ಎಂಬ ತಂತ್ರಾಂಶ. ತರಗತಿ ಮುಗಿಸಿ ಬಂದು ದಿನಕ್ಕೆರಡು ಗಂಟೆ ಗೌರವಧನಕ್ಕೆ ದುಡಿಯುವ ಆರು ವಿದ್ಯಾರ್ಥಿಗಳು ನನ್ನ ಜೊತೆಗಿದ್ದಾರೆ. ಮೊದಲೆರಡು ವರ್ಷ ಆರೂ ಜನರಿಗೆ ಒಂದೇ ಲಾಗಿನ್ ಕೊಟ್ಟಿದ್ದೆ. ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಅಂಚಿಗೇ ಅಂಟಿಕೊಂಡಿತ್ತು.

ಒಂದು ಸಂಜೆ ಯಾರದೋ ಖಾತೆಯಲ್ಲಿದ್ದ ದಂಡ ಮನ್ನಾ ಆಗಿರುವುದು ಕಣ್ಣಿಗೆ ಬಿತ್ತು. ಯಾರು ಯಾವಾಗ ಏನು ಮಾಡಿದರೆಂದು ತಂತ್ರಾಂಶ ಬರೆದಿಡುವ ಲಾಗ್ ತೆರೆದರೆ ದಿನಾಂಕ, ಸಮಯ ಎಲ್ಲವೂ ಇದ್ದವು. ಮಾಡಿದವರ ಜಾಗದಲ್ಲಿ ಮಾತ್ರ ಅದೇ ಸಾಮೂಹಿಕ ಖಾತೆ. ಆ ಹೊತ್ತಿಗೆ ಕೌಂಟರಿನಲ್ಲಿ ಇದ್ದವಳು ದ್ವಿತೀಯ ವರ್ಷದ ಹುಡುಗಿ. ಅವಳನ್ನೇ ಕೇಳಿದೆ. "ನಾನಲ್ಲ ಮೇಡಂ" ಎಂದವಳು ಸ್ಕ್ಯಾನರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋದಳು. ಮರುದಿನ ಬರಲಿಲ್ಲ. ಒಳಗಿನ ಕಂಪ್ಯೂಟರಿನಲ್ಲಿ ಅದೇ ಲಾಗಿನ್ ಬಳಸುತ್ತಿದ್ದ ಹುಡುಗ, ತಾನು ತಪ್ಪು ಖಾತೆ ತೆರೆದು ಒತ್ತಿಬಿಟ್ಟೆನೆಂದು ಮೂರನೆಯ ದಿನ ಹೇಳಿದ. ಅವಳ ತರಗತಿಯ ಬಾಗಿಲಿಗೇ ಹೋಗಿ ಕ್ಷಮೆ ಕೇಳಿದೆ. ತಪ್ಪು ನನ್ನದು.

ಕೋಹಾದಲ್ಲಿ ಒಬ್ಬೊಬ್ಬ ಸದಸ್ಯರಿಗೂ ಬೇರೆ ಬೇರೆ ಅನುಮತಿ ಗುರುತು ಹಾಕಬಹುದು. ಈಗ ಆರು ಜನರಿಗೂ ಸ್ವಂತ ಲಾಗಿನ್ ಇದೆ. ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು ಅವರ ಕೆಲಸ. ದಂಡದ ಲೆಕ್ಕ, ಸದಸ್ಯರ ವಿವರ ತಿದ್ದುವುದು, ಮಿತಿ ಮೀರಿ ಪುಸ್ತಕ ಕೊಡುವುದು ಕಾಯಂ ಸಿಬ್ಬಂದಿಗೆ. ಇದು ಅಪನಂಬಿಕೆಯಲ್ಲ, ಗೆಳೆಯನೊಬ್ಬ "ದಂಡ ತೆಗೆದುಬಿಡೋ" ಎಂದು ದುಂಬಾಲು ಬಿದ್ದರೆ "ನನ್ನ ಕೈಯಲ್ಲಿಲ್ಲ" ಎನ್ನಲು ಆ ಮಕ್ಕಳಿಗೆ ದಾರಿ. ಸೆಮಿಸ್ಟರ್ ಮುಗಿದ ದಿನವೇ ಅನುಮತಿ ತೆಗೆಯುವುದನ್ನೂ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಇನ್ನೊಂದು ಕೆಲಸವನ್ನೂ ಅವರಿಗೇ ವಹಿಸಿದ್ದೇನೆ. ಓದುವ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮೊದಲು ಸ್ಕ್ಯಾನ್ ಮಾಡುತ್ತಾರೆ. ಕೋಹಾ ಅದನ್ನು ಒಳಗಿನ ಬಳಕೆಯೆಂದು ದಾಖಲಿಸುವಂತೆ ಹೊಂದಿಸಿದ್ದೇವೆ. ಯಾರೂ ಮನೆಗೆ ಒಯ್ಯದ, ಆದರೆ ದಿನವೂ ಓದುವ ಪುಸ್ತಕ ಯಾವುದೆಂದು ಹೀಗೆ ತಿಳಿಯುತ್ತದೆ.

ತಂತ್ರಾಂಶ ಕಲಿಸಲು ಒಂದು ಸಂಜೆ ಸಾಕು. ಕಪಾಟಿನ ಕ್ರಮಕ್ಕೆ ವಾರ ಬೇಕು: ಪುಸ್ತಕದ ಬೆನ್ನಿಗೆ ಅಂಟಿಸಿದ ವಿಷಯ ಸಂಖ್ಯೆ 005.133 ಮತ್ತು 005.2 ಇರುವ ಎರಡು ಪುಸ್ತಕ ಕೊಟ್ಟರೆ ಹೊಸಬರು 2 ಚಿಕ್ಕದೆಂದು ಅದನ್ನೇ ಮೊದಲಿಡುತ್ತಾರೆ. ಬಿಂದುವಿನ ನಂತರ ಒಂದೊಂದೇ ಅಂಕಿ ಹೋಲಿಸಬೇಕೆಂದು ಹೇಳಿಕೊಡುವವಳು ಈಗ ಅದೇ ಹುಡುಗಿ. ಹತ್ತು ಪುಸ್ತಕ ತುಂಬಿದ ಟ್ರಾಲಿಯನ್ನು ಹೊಸಬರ ಮುಂದೆ ನಿಲ್ಲಿಸಿ, ಅವರು ಜೋಡಿಸಿ ಮುಗಿಸುವವರೆಗೆ ಬಾಯಿ ಬಿಡದೆ ಕಾಯುತ್ತಾಳೆ.