ಲೇಥ್ ಚೂರಿನ ಡ್ರಮ್ಮು: ತೊಳೆದದ್ದೇ ಮುಳುವಾಯಿತು

ಹಾಸನದಲ್ಲಿ ಜಿಟಿಜಿಟಿ ಮಳೆ ಹಿಡಿದ ನಾಲ್ಕನೆಯ ದಿನ, ಹಿತ್ತಲ ಶೆಡ್ಡಿನಲ್ಲಿಟ್ಟಿದ್ದ ಚೂರಿನ ಡ್ರಮ್ಮು, ಅಂದರೆ ಲೇಥ್ ಯಂತ್ರದಲ್ಲಿ ಉಕ್ಕು ಮತ್ತು ಬೀಡು (ಎರಕದ ಕಬ್ಬಿಣ) ಕಡೆದಾಗ ಉದುರಿದ ಸುರುಳಿ, ಪುಡಿ ತುಂಬಿದ ಡ್ರಮ್ಮು, ಮತ್ತೆ ತಾನಾಗಿಯೇ ಬಿಸಿಯಾಯಿತು. ಕಡೆಯುವಾಗ ತಂಪಿಗೆಂದು ಹಾಯಿಸುವ ದ್ರವವಾದ ಕೂಲಂಟನ್ನು ಬಸಿದು, ಸೋಪಿನ ನೀರಿನಲ್ಲಿ ತೊಳೆದು, ಹಳೆಯ ವಾಷಿಂಗ್ ಮಷೀನಿನ ಡ್ರೈಯರಿನಲ್ಲಿ ತಿರುಗಿಸಿ ತುಂಬಿದ್ದ ಮಾಲಾದ್ದರಿಂದ ಈ ಸಲ ತೊಂದರೆ ಮುಗಿಯಿತೆಂದೇ ನಂಬಿದ್ದೆ. ಇನ್ಫ್ರಾರೆಡ್ ಥರ್ಮಾಮೀಟರು ಮೇಲ್ಮೈಯಲ್ಲಿ 31 ಡಿಗ್ರಿ ತೋರಿಸಿತು. ಶಾಖ ಅಳೆಯುವ ಉದ್ದನೆಯ ತಂತಿ, ಥರ್ಮೋಕಪಲ್ಲನ್ನು ನಡುವಿಗೆ ಇಳಿಸಿದಾಗ 63. ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆ ಕೊಡುವ ಯುಎನ್ 2793 ಎಂಬ ಸಂಖ್ಯೆಯಡಿ ಸಾಗುವ ಇಂಥ ಚೂರು 55 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಹಡಗಿಗೆ ತುಂಬಲು ನಿಯಮ ಒಪ್ಪುವುದಿಲ್ಲ. ಕಾದ ಕಬ್ಬಿಣಕ್ಕೆ ನೀರು ತಗುಲಿದರೆ ಜಲಜನಕ ಹೊರಡುವ ಅಪಾಯವಿರುವುದರಿಂದ, ನೀರು ಸುರಿಯದೆ ಎಲ್ಲವನ್ನೂ ಸಿಮೆಂಟು ನೆಲದ ಮೇಲೆ ತೆಳುವಾಗಿ ಹರವಿದೆ.

ಎರಡು ದಿನ ಇದೊಂದೇ ಯೋಚನೆಯಾಗಿತ್ತು. ಉಕ್ಕಿನ ಸುರುಳಿಗಳು ಒಣಗಿದ್ದವು. ಅವುಗಳ ಸಂದಿನಲ್ಲಿ ಸೇರಿಕೊಂಡಿದ್ದ ಬೀಡಿನ ನುಣ್ಣನೆಯ ಪುಡಿ ಮಾತ್ರ ಫಿಲ್ಟರಿನಲ್ಲುಳಿದ ಕಾಫಿ ಗಸಿಯ ಹಾಗೆ ನೀರನ್ನು ಹಿಡಿದಿಟ್ಟುಕೊಂಡಿತ್ತು. ಸೋಪು ಎಣ್ಣೆಯ ಪದರವನ್ನು ತೆಗೆದು ಲೋಹವನ್ನು ಬೆತ್ತಲಾಗಿಸಿತ್ತು, ಬೋರ್‌ವೆಲ್ ನೀರಿನ ಲವಣ ತುಕ್ಕಿಗೆ ವೇಗ ಕೊಟ್ಟಿತ್ತು. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಹೊರಬರುವ ಸುಮಾರು 7 ಕಿಲೋಜೂಲ್ ಶಾಖ, 20 ಗ್ರಾಂ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು; ರಾಶಿ ಆಳವಾಗಿದ್ದರೆ ಆ ಶಾಖ ಹೊರಹೋಗಲು ದಾರಿಯಿರದೆ ತುಕ್ಕನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ಆದ್ದರಿಂದ ತೊಳೆಯುವುದನ್ನೇ ಕೈಬಿಟ್ಟೆ. ಬೀಡನ್ನು ಈಗ ಕೂಲಂಟಿಲ್ಲದೆ ಕಡೆದು, ಲೋಹವನ್ನು ಹಿಡಿದು ತಿರುಗಿಸುವ ಚಕ್ಕಿನ ಕೆಳಗೆ ಬೇರೆ ತಟ್ಟೆಯಿಟ್ಟು, ಪುಡಿಯನ್ನು ಪ್ರತ್ಯೇಕ ಡಬ್ಬಿಯಲ್ಲಿ ಒಣಗಿರುವಂತೆಯೇ ಇಡುತ್ತಿದ್ದೇನೆ. ಸುರುಳಿಗಳನ್ನು ಡ್ರೈಯರಿನಲ್ಲಿ ತಿರುಗಿಸಿದ ಮೇಲೆ ತಗಡಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ಹರವಿ, ಫ್ಯಾನಿನ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟು, ಆಮೇಲಷ್ಟೇ ತುಂಬುತ್ತೇನೆ.

ಕಡೆಯುವಾಗ ಲೋಹಕ್ಕೆ ಹಚ್ಚುವ ಕಟಿಂಗ್ ಆಯಿಲ್ ಮಾರುವವರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಚೀಟಿಯಿಲ್ಲದ ಕ್ಯಾನಿನಲ್ಲಿ ಕೊಟ್ಟದ್ದು ಖನಿಜ ತೈಲವೋ ಸಸ್ಯತೈಲವೋ ಎಂದು ಕೇಳಿದರೆ ಅಂಗಡಿಯಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಬೆರೆತಿದ್ದರೆ ಗಾಳಿಯ ಆಮ್ಲಜನಕದೊಡನೆ ಅದೇ ಬಿಸಿಯಾಗುತ್ತದೆ. ಅಂಥ ಎಣ್ಣೆ ಒರೆಸಿದ ಬಟ್ಟೆಯ ರಾಶಿಗೂ ಬೆಂಕಿ ಹತ್ತುವುದು ಹಾಗೆಯೇ. ಕೊಳ್ಳುವವನಿಗೆ ಇಷ್ಟನ್ನು ತಿಳಿಸುವುದು ಅವರ ಕರ್ತವ್ಯ.

ಮುಂದಿನ ಕೆಲಸ ಮನಸ್ಸಿನಲ್ಲಿ ಆಗಲೇ ಕುಳಿತಿದೆ: 20 ಟನ್ನಿನ ಬಾಟಲ್ ಜ್ಯಾಕಿನಿಂದ ಪುಡಿಯನ್ನು ಬಿಲ್ಲೆಗಳಾಗಿ ಒತ್ತುವ ಪ್ರೆಸ್ಸು. ಒತ್ತಿದರೆ ಉಳಿದ ದ್ರವ ಹಿಂಡಿಹೋಗುತ್ತದೆ, ಗಾಳಿಗೆ ತೆರೆದ ಮೈ ಕಡಿಮೆಯಾಗುತ್ತದೆ, ಕುಲುಮೆಯಲ್ಲಿ ಸಡಿಲ ಪುಡಿಯಷ್ಟು ಲೋಹ ಸುಟ್ಟು ಹಾಳಾಗುವುದೂ ತಪ್ಪುತ್ತದೆ. ಬಿಲ್ಲೆ ಒತ್ತುವ ಅಚ್ಚಿಗೆ (ಡೈ) ಬೇಕಾದ ದಪ್ಪ ಗೋಡೆಯ ಪೈಪನ್ನು ಗುಜರಿ ಅಂಗಡಿಗಳಲ್ಲಿ ಹುಡುಕುತ್ತಿದ್ದೇನೆ.

ಹೊಸ ಡ್ರಮ್ಮು ತುಂಬಿ ಇಂದಿಗೆ ಐದು ದಿನ. ಮಳೆ ನಿಂತಿಲ್ಲ. ಶೆಡ್ಡಿನ ಗಾಳಿ 24 ಡಿಗ್ರಿ, ಡ್ರಮ್ಮಿನ ನಡುವೆ 25.