ಮೊದಲ ರಾತ್ರಿ ರಕ್ತ ಬರಲೇಬೇಕಾ?

ಮಂಡ್ಯದಲ್ಲಿ ನರ್ಸ್ ಆಗಿರುವ ನನಗೆ ಮದುವೆ ಸೀಸನ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಿಬಿಟ್ಟು ಕೇಳುವವರು ಕಡಿಮೆ. ಬಿ.ಪಿ. ನೋಡುವಾಗ ಪಿಸುಗುಡುತ್ತಾರೆ, ಇಲ್ಲವೇ ರಾತ್ರಿ ಹತ್ತರ ಮೇಲೆ ವಾಟ್ಸಾಪ್ ಮಾಡುತ್ತಾರೆ. 'ಅಕ್ಕ, ರಕ್ತ ಬರದಿದ್ರೆ ಗಂಡನಿಗೆ ಗೊತ್ತಾಗ್ಬಿಡುತ್ತಾ?'

ರಕ್ತ ಬರಲೇಬೇಕು ಅಂತೇನಿಲ್ಲ. ಬರದಿದ್ದರೆ ಗೊತ್ತಾಗುವಂಥದ್ದೂ ಏನಿಲ್ಲ. ಇದೇ ನನ್ನ ಉತ್ತರ. ಆದರೆ ಇಷ್ಟು ಹೇಳಿದರೆ ಯಾರ ಭಯವೂ ಹೋಗಲ್ಲ.

ಒಮ್ಮೆ ಒಬ್ಬ ಹುಡುಗಿ ಬಂದಿದ್ದಳು. ಮದುವೆಗೆ 20 ದಿನ ಇತ್ತು. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಕೇಳಿಕೊಂಡು ಬರುವ ಹುಡುಗಿಯರು ನಮಗೆ ಹೊಸಬರಲ್ಲ. ಇವಳು ಕೇಳಿದ್ದು ಉಲ್ಟಾ. 'ಕರೆಕ್ಟಾಗಿ ಅವತ್ತೇ ಆಗೋ ಹಾಗೆ ಮಾಡಬಹುದಾ ಸಿಸ್ಟರ್?' ಹೈಸ್ಕೂಲಲ್ಲಿ ಕಬಡ್ಡಿ ಆಡಿದ್ದಳಂತೆ. ದಿನಾ ಸೈಕಲ್ ತುಳಿದಿದ್ದಳಂತೆ. ಅದಕ್ಕೇ ಹೆದರಿಕೆ, ಕನ್ಯಾಪೊರೆ ಅಂತಾರಲ್ಲ, ಅದು ಮೊದಲೇ ಹರಿದುಹೋಗಿರಬಹುದು ಅಂತ. ಜೊತೆಗೆ ಬಂದಿದ್ದ ದೊಡ್ಡಮ್ಮ ಚೀಟಿ ಮಾಡಿಸೋಕೆ ಹೋಗಿದ್ದರು.

ಅವಳ ಜಡೆಯ ರಬ್ಬರ್ ಬ್ಯಾಂಡ್ ಈಸಿಕೊಂಡೆ. ಬಟ್ಟೆ ಸುತ್ತಿದ ದಪ್ಪ ಬ್ಯಾಂಡ್ ಅದು. 'ನೋಡವ್ವ, ಆ ಪೊರೆ ಬಾಗಿಲಿಗೆ ಅಂಟಿಸಿದ ಕಾಗದ ಅಲ್ಲ. ಯೋನಿಯ ಬಾಯಿ ಸುತ್ತ ಇರೋ ಮೆತ್ತನೆಯ ಮಡಿಕೆ. ನಡುವೆ ಮೊದಲೇ ತೆರೆದಿರುತ್ತೆ. ಇಲ್ದಿದ್ರೆ ತಿಂಗಳು ತಿಂಗಳು ಮುಟ್ಟು ಹೊರಗೆ ಹೇಗೆ ಬರ್ತಿತ್ತು ಹೇಳು?' ಬ್ಯಾಂಡನ್ನು ಎಳೆದು ಬಿಟ್ಟು ತೋರಿಸಿದೆ. ಕೆಲವರಿಗೆ ಉಂಗುರದ ಹಾಗೆ, ಕೆಲವರಿಗೆ ಅರ್ಧಚಂದ್ರದ ಹಾಗೆ ಇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಜಾಸ್ತಿ ಇರಲ್ಲ. ಸುಮ್ನೆ ಹಿಗ್ಗಿದರೆ ರಕ್ತ ಬರಲ್ಲ, ಸ್ವಲ್ಪ ಹರಿದರೆ ಬರಬಹುದು. ಎಷ್ಟೋ ಸಲ ರಕ್ತ ಬರುವುದು ಗಂಡನ ಅವಸರಕ್ಕೆ, ಹುಡುಗಿ ಹೆದರಿ ಮೈ ಬಿಗಿಹಿಡಿದಿದ್ದಕ್ಕೆ. ನಾವು ಶೀಲದ ಗುರುತು ಅಂದುಕೊಂಡು ಹಾಸಿಗೆ ಮೇಲೆ ಹುಡುಕುವುದು ಆಗ ಆದ ಗಾಯವನ್ನು.

'ಡಾಕ್ಟರ್ ಚೆಕ್ ಮಾಡಿದ್ರೆ ಗೊತ್ತಾಗಲ್ವಾ?' ಎಂದು ಕೇಳುವ ಹಿರಿಯರಿದ್ದಾರೆ. ಯಾವ ಡಾಕ್ಟರಿಗೂ ಗೊತ್ತಾಗಲ್ಲ. ಇಂಥ ಪರೀಕ್ಷೆಗೆ ವೈದ್ಯಕೀಯ ಆಧಾರವೇ ಇಲ್ಲ, ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅತ್ಯಾಚಾರದ ಕೇಸುಗಳಲ್ಲೂ ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಮಾಡಕೂಡದು, ಮಾಡಿದವರದ್ದು ದುರ್ನಡತೆ ಆಗುತ್ತದೆ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಆರತಿ ಎತ್ತುತ್ತಾರೆ, ಚಿಗಳಿ ತಿನ್ನಿಸುತ್ತಾರೆ. ಊರಿಗೆಲ್ಲ ಗೊತ್ತಾಗುತ್ತದೆ. ಮೈಯೊಳಗೆ ಏನಾಯಿತು ಅಂತ ಅವಳಿಗೆ ಮಾತ್ರ ಯಾರೂ ಹೇಳಲ್ಲ. ನನಗೂ ಯಾರೂ ಹೇಳಿರಲಿಲ್ಲ. 'ಕೆಳಗಡೆ', 'ಅಲ್ಲಿ' ಬಿಟ್ಟರೆ ಬೇರೆ ಹೆಸರು ಗೊತ್ತಿರಲಿಲ್ಲ. ನರ್ಸಿಂಗ್ ಓದುವಾಗ ಇಂಗ್ಲಿಷ್ ಪದ ಸಲೀಸಾಗಿ ಬರುತ್ತಿತ್ತು, ಯೋನಿ ಅನ್ನೋಕೆ ನಾಲಿಗೆ ಏಳುತ್ತಿರಲಿಲ್ಲ. ಇನ್ನು ಕನ್ಯಾಪೊರೆ ಅನ್ನುವ ಹೆಸರು ನನಗೆ ಆಗಿಬರಲ್ಲ. ಒಂದು ಮಡಿಕೆ ಚರ್ಮಕ್ಕೆ ಹುಡುಗಿಯ ಇಡೀ ಮರ್ಯಾದೆ ಕಟ್ಟಿಬಿಟ್ಟಿದೆ ಆ ಹೆಸರು. ಗಂಡಸಿನ ಮೈಯಲ್ಲಿ ಅಂಥ ಹೆಸರಿರುವ ಜಾಗ ಯಾವುದಿದೆ ಹೇಳಿ? ಇದನ್ನು ಕೇಳಿದ್ದಕ್ಕೆ ಕೆಲವರು ನನ್ನನ್ನು ಫೆಮಿನಿಸ್ಟ್ ಅನ್ನುತ್ತಾರೆ. ಹೌದು, ನಾನು ಫೆಮಿನಿಸ್ಟೇ.

ಅವಳಿಗೆ ಇನ್ನೂ ಒಂದು ಹೇಳಿದೆ. ನೋವನ್ನು ಹಲ್ಲುಕಚ್ಚಿ ಸಹಿಸಬೇಕಾಗಿಲ್ಲ. ಬೇಡ ಅನ್ನಿಸಿದರೆ ಬೇಡ ಅನ್ನು. ಅವತ್ತೇ ಆಗಬೇಕು ಅಂತಲೂ ಇಲ್ಲ. ದಿನಾ ನೋವಾದರೆ ನಾಚಿಕೊಳ್ಳದೆ ಬಾ, ಅದಕ್ಕೆ ಚಿಕಿತ್ಸೆ ಇದೆ. ಅವಳು ಬ್ಯಾಂಡ್ ವಾಪಸ್ ತಗೊಂಡು ಜಡೆಗೆ ಹಾಕಿಕೊಂಡಳು.

ತಿರುಗಿ ನೋಡಿದರೆ ದೊಡ್ಡಮ್ಮ ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬೈತಾರೇನೋ ಅಂದುಕೊಂಡೆ.

'ನಂಗೂ ಬಂದಿರ್ಲಿಲ್ಲ ಕಣವ್ವ' ಅಂದರು. 'ಆರು ತಿಂಗ್ಳು ನಮ್ಮತ್ತೆ ನಾನು ಕಟ್ಟಿದ್ ಮುದ್ದೆ ಉಣ್ಲಿಲ್ಲ.'